ಮೈಗೂಡಿದ ನಾಳ

ಅಚ್ಚಿನ ಎರಡು ಭಾಗಗಳು ಒಂದನ್ನೊಂದು ಬಿಗಿಯಾಗಿ ಕಚ್ಚಿಕೊಂಡವು. ಅದರ ಒಳಮೈಯಲ್ಲಿ ಕೂದಲಿಗಿಂತ ಸಪೂರವಾದ ಉಕ್ಕಿನ ಕಡ್ಡಿಗಳು ಒತ್ತಾಗಿ ನಿಂತಿದ್ದವು. ರೋಗಿಯ ಕೊರಳಿನ ಅಳತೆ ಸಿಕ್ಕೊಡನೆ ಅವು ಹಿಂದೆ ಮುಂದೆ ಸರಿದು ಹೊಸ ಆಕಾರ ತಾಳುತ್ತಿದ್ದವು. ಮೊದಲೆಲ್ಲ ಒಂದು ಅಚ್ಚು ಕೆತ್ತಲು ತಿಂಗಳುಗಳೇ ಬೇಕಿದ್ದುದರಿಂದ ಸಾವಿರಗಟ್ಟಲೆ ಬೇಕಾಗುವ ವಸ್ತುಗಳನ್ನಷ್ಟೇ ಹೀಗೆ ಎರಕ ಹೊಯ್ಯುತ್ತಿದ್ದರು. ವಿಜ್ಞಾನಿ ವಸುಧಾ ಹುಣಶೀಕಟ್ಟಿಯವರ ಈ ‘ರೂಪಾಂತರಿ ಅಚ್ಚು’ ಒಬ್ಬನೇ ಮನುಷ್ಯನಿಗೆ ಒಂದೇ ಶ್ವಾಸನಾಳವನ್ನು ಮಾಡಿಕೊಡುತ್ತಿತ್ತು.

ಅಂದಿನ ನಾಳ ಈರಣ್ಣನದು. ನೀರಿನ ಘಟಕದಲ್ಲಿ ಕ್ಲೋರಿನ್ ಸೋರಿದಾಗ ಎಲ್ಲರೂ ಹೊರಗೋಡಿದರೆ, ಅವನು ಒಳಹೊಕ್ಕು ಸಿಲಿಂಡರ್ ಮುಚ್ಚಿದ್ದ. ಗಂಟಲು, ಶ್ವಾಸನಾಳ ಸುಟ್ಟುಹೋಗಿದ್ದವು.

“ಇದರಾಗ ನಾಳ ಹ್ಯಾಂಗ ಆಕ್ಕೈತ್ರಿ ಬಾಯಾರ?” ಅವನ ಹೆಂಡತಿ ಗುರುಬಸವ್ವ ವಸುಧಾರನ್ನು ಕೇಳಿದಳು.

“ಗೌರಿ ಹುಣ್ಣಿವಿಗೆ ಅಚ್ಚಿನಾಗ ಪಾಕಾ ಹೊಯ್ದು ಸಕ್ಕರಿ ಆರತಿ ಮಾಡ್ತೀರಲ್ಲ, ಹಂಗ. ಪ್ಲಾಸ್ಟಿಕ್ ಕಾಳು ಬಿಸಿ ಕೊಳವ್ಯಾಗ ಕರಗತಾವ. ಒಳಗಿನ ತಿರುಪು ಅದನ್ನ ಜೋರಿಲೆ ಅಚ್ಚಿಗೆ ತುಂಬತೈತಿ. ಆರುವಾಗ ಚೂರು ಕುಗ್ಗತೈತಿ, ಅದಕ್ಕ ಅಚ್ಚು ಒಂದು ಎಳಿ ದೊಡ್ಡದಿರತೈತಿ.”

“ಮೈಯಿ ಅದನ್ನ ಒಪ್ಪತೈತ್ರೀ?”

“ತನ್ನದs ಅಂತ ತಿಳಕೊಳ್ಳತೈತಿ.”

ಹಾಗೆಯೇ ಆಯಿತು. ಈರಣ್ಣ ಕೆಲಸಕ್ಕೆ ಮರಳಿದ, ಮಗಳ ಮದುವೆಯಲ್ಲಿ ಊಟಕ್ಕೆ ಬಡಿಸಿದ, ಹೆಂಡತಿಯೊಡನೆ ಜಗಳವಾಡಿದ. ಮೂರು ವರ್ಷಗಳ ನಂತರ ಮೆಟ್ಟಿಲು ಹತ್ತುವಾಗ ಉಸಿರು ಕಟ್ಟತೊಡಗಿತು.

ವಸುಧಾ ಅವನ ಕೊರಳಿನ ಸ್ಕ್ಯಾನ್ ಚಿತ್ರವನ್ನು ಬಹಳ ಹೊತ್ತು ನೋಡಿದರು. ನಾಳವನ್ನು ತನ್ನದೆಂದು ನಂಬಿದ್ದ ದೇಹ ಅದರೊಳಕ್ಕೇ ಬೆಳೆಯುತ್ತಿತ್ತು. ಮಾಂಸದ ಎಳೆಗಳು ಪ್ಲಾಸ್ಟಿಕ್ಕಿನ ಕಣಕಣದಲ್ಲಿ ಬೇರು ಬಿಟ್ಟು ಉಸಿರಿನ ದಾರಿಯನ್ನು ಕಿರಿದಾಗಿಸಿದ್ದವು. ಅವರು ಇಂಥದೇ ನಾಳಗಳನ್ನು ನೂರಾರು ಜನರಿಗೆ ಕೂರಿಸಿದ್ದರು.

“ಹೊಸಾದು ಮಾಡಿ ಹಾಕ್ರಿ,” ಎಂದಳು ಗುರುಬಸವ್ವ.

“ಹೊಸಾದು ಈಗಿಂದೀಗ ಮಾಡಬಹುದು. ಹಳೇದು ತಗಿಯಾಕ ಬರೂದಿಲ್ಲ. ಅದು ಎಲ್ಲಿ ಮುಗದು ಇವರ ಮೈ ಎಲ್ಲಿ ಶುರು ಆಗತೈತಿ ಅನ್ನೂದs ತಿಳೀವಲ್ದು.”

ಈರಣ್ಣ ಹೆಂಡತಿಯ ಕೈ ಹಿಡಿದುಕೊಂಡ. ಇನ್ನೆಷ್ಟು ದಿನ ಉಳಿದಿದೆಯೆಂದು ಅವನು ಕೇಳಲಿಲ್ಲ.

ಹೊರಗಿನ ಬೆಂಚಿನ ಮೇಲೆ ಜೈಬುನ್ನಿಸಾ ಎಂಬ ಹೆಂಗಸು ಮಗಳನ್ನು ಮಡಿಲಿಗೊರಗಿಸಿಕೊಂಡು, ಅವಳಿಗೊಂದು ನಾಳಕ್ಕಾಗಿ ಕಾದು ಕೂತಿದ್ದಳು. ಹುಡುಗಿಯ ಉಸಿರು ಸಿಳ್ಳಿನಂತೆ ಕೇಳುತ್ತಿತ್ತು. ವಸುಧಾ ಅವಳಿಗೆ ಎಲ್ಲವನ್ನೂ ಹೇಳಿ, ಈ ಕೆಲಸವನ್ನು ಇಂದಿಗೆ ನಿಲ್ಲಿಸುತ್ತಿದ್ದೇನೆಂದರು.

ಜೈಬುನ್ನಿಸಾ ಆಗಷ್ಟೇ ಹೊರಬಂದ ಈರಣ್ಣನ ಕಡೆ ತಿರುಗಿದಳು. “ನಿಮಗ ಎಷ್ಟು ದಿನಾ ಬಂತಣ್ಣಾ?”

“ಮೂರು ವರ್ಷ.”

“ಈಕಿ ಈ ತಿಂಗಳಾ ದಾಟೂದಿಲ್ಲ ಅಂತಾರ.” ಅವಳು ತಡೆದು ಕೇಳಿದಳು: “ಆ ಮೂರು ವರ್ಷ ಹ್ಯಾಂಗಿದ್ದವು?”

ಈರಣ್ಣ ಉಸಿರು ಕೂಡಿಸಿಕೊಂಡು, “ಚಲೋ ಇದ್ದವು,” ಎಂದ.

ವಸುಧಾ ಆಗದು ಎನ್ನಲೆಂದೇ ಬಾಯಿ ತೆರೆದರು. ಹುಡುಗಿಯ ಉಸಿರು ಮತ್ತೆ ಸಿಳ್ಳು ಹಾಕಿತು. ಬಾಗಿ, ಅವಳನ್ನು ಎತ್ತಿಕೊಂಡು ಒಳಗೆ ಅಚ್ಚಿನತ್ತ ನಡೆದರು.