ಹದಿನೈದನೆಯ ಹಾಳೆ

"ಹದಿನಾಲ್ಕು ಅಂತ ಬರೆದಿದ್ದೀರಿ. ಹದಿನೈದು ಆಗ್ಬೇಕಲ್ವಾ?"

ಸಂಶೋಧಕಿಯ ಕರಡು ವರದಿ ಹಿಡಿದು ಬಾಗಿಲಲ್ಲಿ ನಿಂತಿದ್ದವನು ಅರಿವಳಿಕೆ ಡಾಕ್ಟರು. ನರ್ಸುಗಳ ಬಾಯಲ್ಲಿ ಜೋಗುಳ ಡಾಕ್ಟರು. ಕಳ್ಳನ ಮನಸ್ಸು ಹುಳ್ಳಗೆ ಅನ್ನುವುದು ಸುಳ್ಳಲ್ಲ. ಅವಳ ಕಣ್ಣು ತಾನಾಗಿ ಡ್ರಾಯರಿನ ಕಡೆ ಹೋಯಿತು.

ಮೂರು ವರ್ಷದಿಂದ ಅವಳದು ಒಂದೇ ಕೆಲಸ. ಆಪರೇಷನ್ ಆದವರ ಹಾಸಿಗೆ ಪಕ್ಕ ಕೂತು, ನಡುವೆ ಏನಾದರೂ ಕೇಳಿಸಿತೇ, ನೋವಾಯಿತೇ ಎಂದು ವಿಚಾರಿಸುವುದು. ಸಾವಿರಾರು ಜನ ಇಲ್ಲವೆಂದಿದ್ದರು. ಎಲ್ಲೋ ಒಬ್ಬೊಬ್ಬರು ಮಾತ್ರ, ಎಚ್ಚರವಿತ್ತು, ಬೆರಳೂ ಅಲ್ಲಾಡಿಸಲಾಗಲಿಲ್ಲ ಎಂದು ಅತ್ತಿದ್ದರು. ಯಾಕೆ ಹಾಗಾಯಿತೆಂದು ತಿಳಿದರೆ ಮುಂದಿನವರನ್ನಾದರೂ ಕಾಪಾಡಬಹುದಿತ್ತು.

ಹಾಗೆ ಅತ್ತವರಲ್ಲಿ ಹದಿನೈದನೆಯವರು ಬಟ್ಟೆ ಹೊಲಿಯುವ ಹೆಂಗಸು. ಅವರಿಗೆ ಅರಿವಳಿಕೆ ಕೊಟ್ಟವನು ಇವನೇ. ಔಷಧದ ನಳಿಕೆ ಕಳಚಿದ್ದು ನಾಲ್ಕು ನಿಮಿಷ ಇವನ ಕಣ್ಣಿಗೆ ಬಿದ್ದಿರಲಿಲ್ಲ. ಅವಳು ಆ ಹೆಂಗಸಿನ ಮಾತು ಬರೆದುಕೊಂಡ ಹಾಳೆಯ ಮೇಲೆ 'ಕನಸಿರಬಹುದು' ಎಂದು ಬರೆದು ಡ್ರಾಯರಿಗೆ ಸೇರಿಸಿದ್ದಳು. ಇವನನ್ನು ಉಳಿಸಿಕೊಳ್ಳುವ ಆಸೆಯೇ ಆ ಪದ ಬರೆಸಿತ್ತು.

"ಅವರಿಗೆ ಬಿದ್ದಿದ್ದು ಕನಸಿರಬಹುದು," ಎಂದಳು.

"ಕನಸಲ್ಲ ಅದು. ನಿನ್ನೆ ಅವರ ಮನೆಗೆ ಹೋಗಿದ್ದೆ. 'ಟೀ ಆರಿಹೋಯ್ತಲ್ಲ' ಅಂತ ನಾನು ಆಪರೇಷನ್ ನಡುವೆ ಅಂದಿದ್ದನ್ನ ನನಗೇ ಒಪ್ಪಿಸಿದ್ರು. ನಿಮಗೂ ಹೇಳಿದ್ರಂತೆ."

"ನಿಮ್ಮನ್ನ ಕೆಲಸದಿಂದ ದೂರ ಇಡ್ತಾರೆ. ವಿಚಾರಣೆ ಮಾಡ್ತಾರೆ."

"ಮಾಡ್ಲಿ. ಅವರು ಒಳಗೊಳಗೇ ಕೂಗಿದ್ದು ನನಗೆ ಕೇಳಿಸ್ಲಿಲ್ಲ. ನಿಮಗೆ ಕೇಳಿಸಿತ್ತು. ಕೇಳಿಸಿಯೂ ಮುಚ್ಚಿಟ್ರಿ."

ಬೈದಿದ್ದರೆ ತಡೆದುಕೊಳ್ಳುತ್ತಿದ್ದಳೇನೋ. ಅವನು ಮೆತ್ತಗೆ ಹೇಳಿದ್ದಕ್ಕೆ ಅವಳಿಗೆ ಅಳು ಒತ್ತರಿಸಿ ಬಂತು. ಮೂರು ವರ್ಷ ಮಾಸ್ಕಿನ ಮೇಲೆ ಕಂಡ ಕಣ್ಣುಗಳು ಅವು. ಕಾರಿಡಾರಿನಲ್ಲಿ ಎದುರಾದಾಗ ಅಂಚಿನಲ್ಲಿ ಸುಕ್ಕುಗಟ್ಟಿ ನಗುತ್ತಿದ್ದವು; ಅಷ್ಟಕ್ಕೇ ಅವಳ ದಿನ ಹಗುರವಾಗುತ್ತಿತ್ತು. ಈಗ ಕೆಂಪಾಗಿ ಊದಿಕೊಂಡಿದ್ದವು.

ಅವಳು ಡ್ರಾಯರ್ ತೆರೆದು ಹಾಳೆ ತೆಗೆದಳು. 'ಕನಸಿರಬಹುದು' ಹೊಡೆದು ಹಾಕಿ 'ಎಚ್ಚರವಿತ್ತು' ಎಂದು ಬರೆದಳು. ವರದಿಯಲ್ಲಿ ಹದಿನಾಲ್ಕು ಹದಿನೈದಾಯಿತು. ಆಮೇಲೆ ಒಂದು ಅರ್ಜಿ ನಮೂನೆ ಎಳೆದುಕೊಂಡಳು.

"ಇದೇನು?"

"ಇನ್ನು ಈ ಅಧ್ಯಯನ ನನ್ನದಲ್ಲ. ಬೇರೆಯವರಿಗೆ ಒಪ್ಪಿಸ್ಬೇಕು."

"ತಿದ್ದಿದ್ರಲ್ಲ. ಮೂರು ವರ್ಷದ ದುಡಿಮೆ ಬಿಟ್ಟುಕೊಡ್ತೀರಾ?"

"ತಿದ್ದಿದ್ರೂ ಅಷ್ಟೆ. ಡಾಕ್ಟರ ಜೊತೆ ಸಂಬಂಧ ಇದ್ದವರು ತೀರ್ಮಾನ ಬರೆಯೋ ಹಾಗಿಲ್ಲ."

ಅವನು ಎದುರಿನ ಕುರ್ಚಿಯಲ್ಲಿ ಕೂತ.

"ನಮ್ಮಿಬ್ಬರ ನಡುವೆ ಸಂಬಂಧ ಇದೆಯಾ?"

"ನಿಮ್ಮ ಕಡೆ ಗೊತ್ತಿಲ್ಲ. ನನ್ನ ಕಡೆಯಿಂದ ಇದೆ." ತಲೆ ಎತ್ತದೆ, ಅರ್ಜಿಯಲ್ಲಿ 'ಡಾಕ್ಟರ ಜೊತೆ ಸಂಬಂಧ' ಎಂಬಲ್ಲಿ 'ಇದೆ' ಎಂದು ಬರೆದು ಸಹಿ ಹಾಕಿದಳು.

"ನಮ್ಮಮ್ಮ ಊರೆಲ್ಲ ಸಂಬಂಧ ಹುಡುಕ್ತಿದ್ದಾರೆ," ಎಂದ ಅವನು. "ಅವರಿಗಿಂತ ಮೊದಲು ವಿಚಾರಣೆಯವರಿಗೆ ಗೊತ್ತಾಗುತ್ತೆ."

"ನಾಳೆ ನಿಮ್ಮ ಕೆಲಸವೇ ಹೋಗಬಹುದು."

"ಹೋಗಬಹುದು. ಆ ಪೆನ್ನು ಕೊಡಿ."

"ಇದಕ್ಕೆ ನನ್ನ ಸಹಿ ಒಂದೇ ಸಾಕು."

"ಗೊತ್ತು," ಎಂದು ಅವನು ಅವಳ ಹೆಸರಿನ ಕೆಳಗೆ ತನ್ನದನ್ನೂ ಬರೆದ.