ಪಕ್ಕಕ್ಕೆ ಎತ್ತಿಟ್ಟ ನಡುತುಂಡು

"ಆ ತುಂಡು ನಿಮಗೆ ಕೊಡಲ್ಲ!"

ಮೀನಂಗಡಿಯಲ್ಲಿದ್ದ ಏಳೆಂಟು ಜನ ತಿರುಗಿ ನೋಡಿದರು. ದಂತವೈದ್ಯೆಯ ಕಿವಿ ಕೆಂಪಾಯಿತು.

"ಯಾಕೆ? ನನ್ನ ದುಡ್ಡು ವಾಸನೆ ಬರುತ್ತಾ?"

"ದುಡ್ಡಲ್ಲ ಡಾಕ್ಟ್ರೇ, ಮೀನು ವಾಸನೆ ಬರುತ್ತೆ." ಅಂಗಡಿಯವನು ಅವಳ ಕೋಟಿನ ಮೇಲಿದ್ದ ಬ್ಯಾಡ್ಜ್ ನೋಡಿ ಹೇಳಿದ. "ಬೆರಳಲ್ಲಿ ಒತ್ತಿ. ಗುಳಿ ಹಾಗೇ ಉಳೀತಲ್ಲ? ಒಳ್ಳೆ ಸಾಲ್ಮನ್ ಆದ್ರೆ ತಕ್ಷಣ ಮೇಲೇಳುತ್ತೆ. ಇದನ್ನ ಬೆಕ್ಕಿಗೆ ಅಂತ ಇಟ್ಟಿದ್ದೆ. ಜನರ ಬಾಯಲ್ಲಿ ಹುಳುಕು ಹುಡುಕೋರಿಗೆ ಇಷ್ಟೂ ಕಾಣಲ್ವಾ?"

ಜನ ಕಿಸಕ್ಕನೆ ನಕ್ಕರು. ಇವನನ್ನು ಎಲ್ಲರೂ 'ಮುಳ್ಳು' ಎಂದು ಸುಮ್ಮನೆ ಕರೆಯುತ್ತಿರಲಿಲ್ಲ!

"ಊಟ ಬಿಟ್ಟಿರೋ ಅಪ್ಪನಿಗೆ ಬೇಕು. ಯಾವುದೋ ಒಂದು ಕೊಡಿ, ಉಪನ್ಯಾಸ ಬೇಡ," ಎಂದಳು ಹಲ್ಲು ಕಚ್ಚಿ.

ಅವನು ಬೇರೆ ತುಂಡು ಕೊಯ್ದು ಕೊಟ್ಟ.

ಅಪ್ಪ ಮೂವತ್ತು ವರ್ಷ ಹಡಗಿನಲ್ಲಿ ಅಡುಗೆಯವರಾಗಿದ್ದವರು. ಅಮ್ಮ ಹೋದ ಮೇಲೆ ಅವರ ಹಸಿವೂ ಹೋಗಿತ್ತು. ಎರಡು ತುತ್ತಿಗೆ ಕೈ ತೊಳೆಯುತ್ತಿದ್ದರು. ಗ್ರಿಲ್ ಮಾಡಿದ ಸಾಲ್ಮನ್ ಆದರೆ ತಿಂದೇನು ಎಂದಿದ್ದರು, ಅಷ್ಟೇ. ನಾಲಿಗೆ ಮಾತ್ರ ಚುರುಕಾಗಿಯೇ ಇತ್ತು.

"ಇದು ಮೀನಾ, ಚಪ್ಪಲಿ ಅಟ್ಟೆಯಾ? ಹಲ್ಲು ಕಿತ್ತು ಬರ್ಲಿ ಅಂತ ಮಾಡಿದ್ದೀಯಾ?"

ಐದು ಶನಿವಾರ ಹೀಗೇ ಕಳೆದವು. ಅಂಗಡಿಯಲ್ಲಿ ಮುಳ್ಳು ಕೇಳುತ್ತಿದ್ದ: "ಮತ್ತೆ ಕರಕಲು ಮಾಡೋಕಾ?" ಮನೆಯಲ್ಲಿ ಅಪ್ಪ ತಟ್ಟೆ ತಳ್ಳುತ್ತಿದ್ದರು. ಇಬ್ಬರು ಗಂಡಸರ ನಡುವೆ ಅವಳಿಗೆ ಸಾಕುಸಾಕಾಗಿತ್ತು.

ಆರನೇ ಶನಿವಾರ ಅವಳು ಹೋದಾಗ, ಐಸಿನ ಹಿಂದೆ ದಪ್ಪನೆಯ ನಡುತುಂಡೊಂದು ಮಿನುಗುತ್ತಿತ್ತು. ಮುಂದಿದ್ದ ಗಿರಾಕಿ ಅದನ್ನು ಕೇಳಿದ.

"ಅದು ಕೊಡೋಕಾಗಲ್ಲ. ಬೇಕಾದವರಿಗೆ ಎತ್ತಿಟ್ಟಿದ್ದೀನಿ," ಎಂದ ಮುಳ್ಳು.

ಅವಳೊಳಗೆ ಏನೋ ಸಿಡಿಯಿತು.

"ಓಹೋ! ಒಳ್ಳೇದು ಬೇಕಾದವರಿಗೆ, ಉಳಿದದ್ದು ನಮಗೆ! ಮೀನು ಕೊಯ್ಯೋನಿಂದ ಇನ್ನೇನು ಬಯಸೋದು? ಕೈ ತೊಳೆದ್ರೆ ಮೀನಿನ ವಾಸನೆ ಹೋಗ್ಬಹುದು, ಬುದ್ಧಿಯ ವಾಸನೆ ಹೋಗಲ್ಲ!"

ಅವನ ಮುಖ ಬಾಡಿತು. ಅವಳು ಮೀನು ಕೊಳ್ಳದೆ ಹೊರಟುಹೋದಳು.

ಅಂದು ಬೇರೆಡೆ ಕೊಂಡ ಪ್ಯಾಕೆಟ್ ಮೀನನ್ನು ಅಪ್ಪ ಮುಟ್ಟಲೂ ಇಲ್ಲ. "ಬೇಡ ಮಗಳೇ," ಎಂದರು ಮೆತ್ತಗೆ.

ಅವಳಿಗೆ ಭಯವಾಯಿತು. ಬೈಯದ ಅಪ್ಪನನ್ನು ಅವಳು ಕಂಡೇ ಇರಲಿಲ್ಲ!

ಸೋಮವಾರ ಕ್ಲಿನಿಕ್‌ನ ಕುರ್ಚಿಯಲ್ಲಿ ಬಂದು ಕೂತವಳು ಮುಳ್ಳಿನ ಸೋದರತ್ತೆ. ಅಂಗಡಿಯಲ್ಲಿ ತಕ್ಕಡಿ ಹಿಡಿಯುವವಳು.

"ಬಾಯಿ ತೆಗೀರಿ."

"ತೆಗೀತೀನಿ, ಬೈಯೋಕೆ! ಆ ತುಂಡು ನಿಮ್ಮಪ್ಪನಿಗೇ ಕಣಮ್ಮ. ಮೊದಲನೇ ವಾರ ನೀನು ಹೇಳಿ ಹೋದಾಗಿಂದ ಪ್ರತಿ ಶನಿವಾರ ಬೆಳಿಗ್ಗೇನೇ ನಡುತುಂಡು ಎತ್ತಿಡ್ತಾನೆ. ಇಷ್ಟು ವಾರ ನೀನು ಒಯ್ದಿದ್ದೂ ಅದನ್ನೇ. ಮೊನ್ನೆ ನೀನು ಉಗಿದು ಹೋದೆ, ಅದನ್ನ ಬೆಕ್ಕಿಗೆ ಹಾಕ್ಬಿಟ್ಟ. ಓದಿದೋಳಂತೆ... ಥೂ!"

ಅವಳಿಗೆ ಭೂಮಿ ಬಾಯಿಬಿಡಬಾರದೇ ಎನಿಸಿತು.

ಸಂಜೆ ಅಂಗಡಿಗೆ ಓಡಿದಳು. ಅವನು ತಲೆ ಎತ್ತಲಿಲ್ಲ.

"ಸಾಲ್ಮನ್ ಇಲ್ಲ."

"ಮೀನಿಗೆ ಬಂದಿಲ್ಲ. ತಪ್ಪಾಯ್ತು ಅನ್ನೋಕೆ ಬಂದೆ. ನಾಲ್ಕು ಜನರ ಮುಂದೆ ಅಂದಿದ್ದೆ, ನಾಲ್ಕು ಜನರ ಮುಂದೇನೇ ಕೇಳ್ತೀನಿ... ಕ್ಷಮಿಸಿ. ಅಪ್ಪ ಗಂಜಿಯನ್ನೂ ಬಿಟ್ಟಿದ್ದಾರೆ. ಒಂದು ಸಲ ಮನೆಗೆ ಬಂದು ಮೀನು ಗ್ರಿಲ್ ಮಾಡೋದು ತೋರಿಸಿಕೊಡ್ತೀರಾ?"

"ಮನೆಯೆಲ್ಲ ನನ್ನ ಬುದ್ಧಿಯ ವಾಸನೆ ಹರಡುತ್ತಲ್ಲ?"

"ಹರಡ್ಲಿ. ನಮ್ಮನೇಲಿ ಬುದ್ಧಿಗೆ ಬರಗಾಲ."

ಅವನಿಗೆ ನಗು ಬಂತು. ನುಂಗಿಕೊಂಡ.

ಮರುದಿನ ಮಧ್ಯಾಹ್ನ ಅವಳ ಅಡುಗೆಮನೆಯಲ್ಲಿ ಮುಳ್ಳು ಸಾಲ್ಮನ್ನಿನ ತೇವ ಒರೆಸಿ, ಎಣ್ಣೆ, ಉಪ್ಪು ಸವರಿದ. ಗ್ರಿಲ್ ಪ್ಯಾನ್ ಚೆನ್ನಾಗಿ ಕಾದ ಮೇಲೆ ಚರ್ಮ ಕೆಳಗಾಗುವಂತೆ ಇಟ್ಟ. ಅವಳು ಸಟ್ಟುಗ ಹಾಕಲು ಹೋದಳು.

"ಮುಟ್ಬೇಡಿ! ಇದೇ ನಿಮ್ಮ ರೋಗ. ಕೆರೆದ್ರೆ ಹರಿದುಹೋಗುತ್ತೆ. ಬೆಂದ ಮೇಲೆ ತಾನಾಗೇ ಪ್ಯಾನ್ ಬಿಡುತ್ತೆ. ನೋಡಿ, ಬಣ್ಣ ಕೆಳಗಿಂದ ಅರ್ಧಕ್ಕೆ ಏರ್ಲಿ, ಆಗ ಮಗುಚಿ."

ಇಬ್ಬರೂ ಬಗ್ಗಿ ನೋಡುತ್ತಾ ನಿಂತರು. ಅವನ ಭುಜ ಅವಳಿಗೆ ತಾಗಿತು. ಅವಳು ಸರಿಯಲಿಲ್ಲ.

"ಆ ತುಂಡು ನನಗೆ ಅಂತ ಹೇಳೋಕೆ ನಿಮಗೇನಾಗಿತ್ತು?"

"ಮೊದಲು ನಿಮ್ಮಪ್ಪನಿಗೆ ಅಂತ ಇಡ್ತಿದ್ದೆ. ಆಮೇಲೆ..." ಅವನ ದನಿ ತಗ್ಗಿತು. "ನೀವು ಬಂದು ಬೈದು ಹೋಗದಿದ್ರೆ ಶನಿವಾರ ಅನ್ನಿಸ್ತಿರ್ಲಿಲ್ಲ. ಇಷ್ಟ ಅಂತ ಹೇಳೋಕೆ ಹೋದ್ರೆ ಬಾಯಲ್ಲಿ ಮುಳ್ಳೇ ಬರ್ತಿತ್ತು."

"ಮುಳ್ಳು ತೆಗೆಯೋದು ನನಗೆ ಬರುತ್ತೆ," ಎಂದಳು ಅವಳು, ಪ್ಯಾನ್ ಮೇಲಿಂದ ಕಣ್ಣು ಕೀಳದೆ. "ನಾನೂ ಬರೀ ಮೀನಿಗೆ ಅಂತ ಬರ್ತಿರ್ಲಿಲ್ಲ... ಈಗ ಗೊತ್ತಾಗ್ತಿದೆ."

ಅಪ್ಪ ಮೊದಲ ತುತ್ತು ಬಹಳ ಹೊತ್ತು ಅಗಿದರು. ಎರಡನೆಯದು. ಮೂರನೆಯದು... ತಟ್ಟೆ ಖಾಲಿಯಾಯಿತು! ಅವಳು ಮುಖ ತಿರುಗಿಸಿ ಕಣ್ಣೊರೆಸಿಕೊಂಡಳು.

"ಹಡಗಿನಲ್ಲಾಗಿದ್ರೆ ನಿನ್ನನ್ನ ಪಾತ್ರೆ ತೊಳೆಯೋಕೆ ಹಾಕ್ತಿದ್ದೆ," ಅಪ್ಪ ಅವನನ್ನು ಮೇಲಿಂದ ಕೆಳಗೆ ನೋಡಿದರು. "ಇನ್ನೊಂದು ತುಂಡಿದೆಯೇನೋ?"

ಹೊರಡುವಾಗ ಅವನು ಬಾಗಿಲಲ್ಲಿ ತಡೆದು ನಿಂತ.

"ನಾಳೆ ನನ್ನ ಅಂಗಡಿಗೆ ರಜೆ."

"ಓ... ಹಾಗಾದ್ರೆ ಮೀನಿರಲ್ಲ."

"ಬರಿಗೈಲಿ ಬಂದ್ರೆ?"

ಅವಳು ಅವನ ಕಣ್ಣಲ್ಲಿ ಕಣ್ಣಿಟ್ಟಳು. ಇಷ್ಟು ದಿನದ 'ನೀವು' ಅವಳ ತುಟಿಯಲ್ಲಿ ಕರಗಿಹೋಯಿತು.

"ಬಾ."