ಹಾಜರಿ ಹಾಳೆಯಲ್ಲಿ ಅವಳ ಹೆಸರು

ಬೆಳಿಗ್ಗೆ ಎಂಟು ಗಂಟೆಗೆ ಬೆಂಕಿಯ ಅಲಾರಂ ಮತ್ತೆ ಬಡಿದುಕೊಳ್ಳತೊಡಗಿತು... ಅವಳು ಬಂದು ಹದಿನೈದು ದಿನವಾಗಿಲ್ಲ, ಆಗಲೇ ಮೂರನೇ ಸಲ!

ಮೊರೆನಿಕೆಗೆ ಅಳುವುದೋ ಕಿರುಚುವುದೋ ತಿಳಿಯಲಿಲ್ಲ. ತಲೆಗೆ ಮಲಗುವಾಗಿನ ಸ್ಯಾಟಿನ್ ಟೋಪಿ, ಮೈಮೇಲೆ ನೈಟಿ, ಕಾಲಲ್ಲಿ ಹವಾಯಿ ಚಪ್ಪಲಿ. ಅದೇ ಅವತಾರದಲ್ಲಿ ಮೂರು ಮಹಡಿ ಇಳಿದು ಹಾಸ್ಟೆಲ್ ಮುಂದಿನ ಹುಲ್ಲಿನ ಮೇಲೆ ನಿಂತಳು. ಲೀಡ್ಸಿನ ಅಕ್ಟೋಬರ್ ಚಳಿ ನೇರ ಮೂಳೆಗೇ ಕೈ ಹಾಕಿತು.

ಆಮೇಲೆ ನೆನಪಾಯಿತು. ಕೋಣೆಯ ಬಾಗಿಲು ತಾನಾಗಿಯೇ ಲಾಕ್ ಆಗುತ್ತದೆ. ಕೀ ಒಳಗೇ ಇದೆ!

ಹಾಸ್ಟೆಲ್ ಕಾವಲಿನ ಟ್ರೆವರ್ ಪಟ್ಟಿ ಹಿಡಿದು ಒಬ್ಬೊಬ್ಬರ ಹೆಸರನ್ನೇ ಕೂಗುತ್ತಿದ್ದ.

"ಹನ್ನೆರಡು, ಮೊರೆನಿಕೆ ಒಲಾಜಿಡೆ?"

"ಇದ್ದೀನಿ!"

"ಹದಿನಾಲ್ಕು, ಕೆಲೆಚಿ ಓಗ್ಬು?... ಕೆಲೆಚಿ ಓಗ್ಬು?"

ಎಲ್ಲರೂ ಬಾಗಿಲ ಕಡೆ ನೋಡಿದರು. ಹೊಗೆಯ ನಡುವಿನಿಂದ ಎತ್ತರದ ಯುವಕನೊಬ್ಬ ಹೊರಬಂದ. ಬೆನ್ನಿಗೆ ಕಾಲೇಜು ಬ್ಯಾಗು, ಕೈಯಲ್ಲಿ ಬಾಣಲೆ!

"ಇಲ್ಲಿದ್ದೀನಿ ಸರ್... ಬಾಳೆಹಣ್ಣು ಹುರೀತಿದ್ದೆ. ಸ್ವಲ್ಪ ಕಪ್ಪಾಯ್ತು."

"ಸ್ವಲ್ಪಾನಾ? ರೀ, ಅದು ಬಾಳೆಹಣ್ಣಾ ಇದ್ದಿಲಾ?" ಮೊರೆನಿಕೆ ಸಿಡಿದಳು.

ಅವಳ ಮಾತಿನ ಧಾಟಿ ಕೇಳಿ ಅವನ ಮುಖ ಅರಳಿತು. "ಅಯ್ಯೋ, ನಮ್ಮ ದೇಶದವರು! ನಾನು ಎನುಗು ಕಡೆಯವನು. ಮೊನ್ನೆ ತಾನೇ ಬಂದೆ. ಕ್ಷಮಿಸಿ, ಸಿಸ್ಟರ್..."

"ನಾನ್ಯಾವ ಸಿಸ್ಟರ್ ನಿಮಗೆ! ಒಂಬತ್ತಕ್ಕೆ ಡಾಕ್ಟರ್ ಪೆಂಬರ್ಟನ್ ಕ್ಲಾಸಿದೆ. ವೀಸಾ ತಡವಾಗಿ ಬಂದು ಆಗಲೇ ನಾಲ್ಕು ಕ್ಲಾಸ್ ತಪ್ಪಿಸ್ಕೊಂಡಿದ್ದೀನಿ. ಇನ್ನೊಂದು ತಪ್ಪಿದ್ರೆ ವೀಸಾ ಆಫೀಸಿಗೆ ಬರೀತೀವಿ ಅಂದಿದ್ದಾರೆ. ನಮ್ಮೂರು ಇಬಾದಾನಿಗೆ ವಾಪಸ್ ಹೋಗೋ ಟಿಕೆಟ್ ನೀವು ತೆಗೆಸಿಕೊಡ್ತೀರಾ?"

ಕೆಲೆಚಿ ಬಾಣಲೆಯನ್ನು ಬೆನ್ನ ಹಿಂದೆ ಮರೆಮಾಡಿದ. ಅವನದೂ ಅದೇ ಕ್ಲಾಸು. ಅದನ್ನು ಹೇಳುವ ಧೈರ್ಯ ಬರಲಿಲ್ಲ.

ಕರಕಲು ಬಾಳೆಹಣ್ಣಿಗೂ ಫೈರ್ ಎಂಜಿನ್ ಬರಲೇಬೇಕು. ಅದು ಇಲ್ಲಿನ ನಿಯಮ. ಅವರು ಬಂದು, ಮೂಸಿ ನೋಡಿ, ಬರೆದುಕೊಂಡು ಹೊರಟ ಮೇಲೆ ಟ್ರೆವರ್ ಬದಲಿ ಕೀ ಹುಡುಕಿದ. ಅಷ್ಟರಲ್ಲಿ ಒಂಬತ್ತೂವರೆ. ಕ್ಲಾಸು ಹೋದಂತೆಯೇ! ಬ್ಯಾಗು ಬೆನ್ನಿಗಿದ್ದ ಕೆಲೆಚಿ ಮಾತ್ರ ಅದರೊಳಗೆ ಕಾಲೇಜಿನ ದಾರಿ ಹಿಡಿದಿದ್ದ.

ಮರುದಿನ ಅವಳ ಬಾಗಿಲ ಮುಂದೆ ಒಂದು ಡಬ್ಬಿ ಇತ್ತು. ಬಿಸಿ ಬಿಸಿ ಗೆಣಸು, ಮೊಟ್ಟೆ ಪಲ್ಯ. ಮೇಲೊಂದು ಚೀಟಿ: "ಇದು ಕಪ್ಪಾಗಿಲ್ಲ."

ಅವಳು ನಗಬಾರದು ಎಂದುಕೊಂಡಳು. ನಕ್ಕಳು.

ಹೀಗೇ ಮೂರು ವಾರ. ಲೈಬ್ರರಿಯಲ್ಲಿ ಅವಳಿಗೊಂದು ಕುರ್ಚಿ ಹಿಡಿದಿಡುವುದು, ಬಸ್ಸು ತಪ್ಪಿದರೆ ಜೊತೆಗೆ ನಡೆಯುವುದು, "ಈ ದೇಶದಲ್ಲಿ ಸೂರ್ಯನಿಗೂ ವೀಸಾ ಸಿಕ್ಕಿಲ್ಲ ಅನ್ಸುತ್ತೆ" ಎಂದು ನಗಿಸುವುದು. ಮೊರೆನಿಕೆಗೆ ತನ್ನ ಮೇಲೇ ಸಿಟ್ಟು. 'ಓದೋಕೆ ಬಂದವಳು ನಾನು... ಇವನು ಐದು ನಿಮಿಷ ಲೇಟಾದ್ರೆ ಯಾಕೆ ಬಾಗಿಲು ನೋಡ್ತಾ ಕೂರ್ತೀನಿ?'

ಒಂದು ಸೋಮವಾರ ಡಾಕ್ಟರ್ ಪೆಂಬರ್ಟನ್ ಅವರಿಂದ ಇಮೇಲ್ ಬಂತು.

ಅಕ್ಟೋಬರ್ ಎಂಟರ ಹಾಜರಿ ಹಾಳೆಯಲ್ಲಿ ಇಪ್ಪತ್ತಮೂರು ಸಹಿ, ಕೂತಿದ್ದವರು ಇಪ್ಪತ್ತೆರಡು. ನಿಮ್ಮ ಹೆಸರಿನ ಮುಂದಿರುವ ಸಹಿ ನಿಮ್ಮದಲ್ಲವೆಂಬ ಅನುಮಾನವಿದೆ. ಗುರುವಾರ ಬಂದು ವಿವರಣೆ ಕೊಡಿ.

ಎಂಟು ಅಂದರೆ ಆ ಕರಕಲು ಬಾಳೆಹಣ್ಣಿನ ದಿನವೇ. ತಪ್ಪಿಸಿಕೊಂಡದ್ದೇ ಒಂದು ತಪ್ಪು, ಈಗ ಮೋಸವೂ ತಲೆಗೆ!

"ನಾನು ಯಾರಿಗೂ ಸಹಿ ಹಾಕು ಅಂದಿಲ್ಲ ಕೆಲೆಚಿ! ಆವತ್ತು ನಾನು ಬಂದಿರಲಿಲ್ಲ ಅನ್ನೋದು ಕ್ಲಾಸಲ್ಲಿ ನಿಮಗೊಬ್ಬರಿಗೇ ಗೊತ್ತು. ದಯವಿಟ್ಟು ಯಾರ ಹತ್ರಾನೂ ಬಾಯಿ ಬಿಡ್ಬೇಡಿ."

ಕೆಲೆಚಿ ಬಿಳಿಚಿಕೊಂಡ. "ನಾನು... ಆಮೇಲೆ ಸಿಗ್ತೀನಿ" ಎಂದು ಎದ್ದೇ ಹೋದ.

ಬುಧವಾರ ಮಧ್ಯಾಹ್ನ ಅವಳ ಕಣ್ಣಿಗೆ ಬಿದ್ದದ್ದು ಅದೇ ಕೆಲೆಚಿ. ಡಾಕ್ಟರ್ ಪೆಂಬರ್ಟನ್ ಕೋಣೆಯ ಬಾಗಿಲು ಎಳೆದುಕೊಂಡು ಹೊರಬರುತ್ತಿದ್ದ!

"ಇಲ್ಲೇನು ಕೆಲಸ ನಿಮಗೆ?"

"ನಿಮ್ಮ ವಿಷಯಾನೇ ಮಾತಾಡೋಕೆ..."

"ನನ್ನ ವಿಷಯ! ನಾನು ಬಂದಿರಲಿಲ್ಲ ಅಂತ ಹೇಳಿದ್ರಾ?"

"ಹೇಳಿದೆ. ಆದ್ರೆ ನಿಕೆ, ಪೂರ್ತಿ ಕೇಳು..."

"ನಿಕೆ ಅನ್ಬೇಡಿ! ಬೇಡ ಅಂತ ಬೇಡಿಕೊಂಡಿದ್ದೆ. ನಿಮ್ಮ ಗೆಣಸೂ ಬೇಡ, ನೀವೂ ಬೇಡ. ನನ್ನ ಬಾಗಿಲ ಹತ್ರ ಸುಳಿದ್ರೆ ಜೋಕೆ!"

ಅವಳು ತಿರುಗಿ ನೋಡದೆ ನಡೆದಳು. ನೋಡಿದ್ದರೆ ಅವನ ಕಣ್ಣು ಕಾಣುತ್ತಿತ್ತು... ಸಿಟ್ಟು ಬಂದಾಗ ಯಾರು ತಾನೇ ನೋಡುತ್ತಾರೆ!

ಗುರುವಾರ. ಡಾಕ್ಟರ್ ಪೆಂಬರ್ಟನ್ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ನಿನ್ನ ವಿಷಯ ಮುಗೀತಮ್ಮಾ. ಸಹಿ ಹಾಕಿದವನು ನಿನ್ನೆ ಬಂದು ಒಪ್ಪಿಕೊಂಡ."

"ಯಾರು?"

"ಕೆಲೆಚಿ ಓಗ್ಬು. 'ನನ್ನಿಂದ ಅವಳ ಕ್ಲಾಸ್ ತಪ್ಪಿತು. ನಮ್ಮೂರ ಕಾಲೇಜಲ್ಲಿ ಬರದೇ ಇರೋ ಗೆಳೆಯನ ಸಹಿ ಹಾಕೋದು ಉಪಕಾರ, ಇಲ್ಲಿ ಅದು ಅಪರಾಧ ಅಂತ ತಿಳೀಲಿಲ್ಲ' ಅಂದ." ಅವರು ಒಂದು ಕಾಗದ ಮುಂದೆ ತಳ್ಳಿದರು. "ಇದನ್ನೂ ಅವನೇ ತಂದ."

ಅದು ಟ್ರೆವರ್‌ನ ಪಟ್ಟಿ. ಮೊರೆನಿಕೆ ಒಲಾಜಿಡೆ, ಹುಲ್ಲಿನ ಮೇಲೆ, ಕೀ ಒಳಗೆ, ಒಂಬತ್ತೂವರೆ.

"ಅಲಾರಂ ಆಗಿತ್ತು ಅಂತ ಆವತ್ತೇ ನನಗೊಂದು ಇಮೇಲ್ ಹಾಕಿದ್ರೆ ರಜೆ ಕೊಡ್ತಿದ್ದೆನಲ್ಲ! ಇಬ್ಬರೂ ಎಂಥ ಪೆದ್ದರು!"

ಒಂದು ಇಮೇಲ್! ಒಂದೇ ಒಂದು ಇಮೇಲ್ ಸಾಕಿತ್ತಂತೆ! ಮೊರೆನಿಕೆಗೆ ತಲೆ ಚಚ್ಚಿಕೊಳ್ಳುವ ಹಾಗಾಯಿತು.

"ಅವರಿಗೇನಾಗುತ್ತೆ ಮೇಡಂ?"

"ಅವನು ನಿನಗಿಂತ ತಡವಾಗಿ ಬಂದವನು, ಹಾಜರಿ ಇನ್ನೂ ಕಡಿಮೆ. ಶಿಸ್ತು ಸಮಿತಿ ಇವತ್ತು ಕೂತಿದೆ. ಎಚ್ಚರಿಕೆ ಕೊಟ್ಟು ಬಿಡಬಹುದು... ವಾಪಸ್ಸೂ ಕಳಿಸಬಹುದು."

ಅವಳು ಓಡಿದಳು. ಹಾಸ್ಟೆಲಿನವರೆಗೂ ಓಡಿದಳು.

ಮೂರನೇ ಮಹಡಿಯ ಅಡುಗೆಮನೆಯಲ್ಲಿ ಕೆಲೆಚಿ ಒಬ್ಬನೇ ನಿಂತು ಬಾಳೆಹಣ್ಣಿನ ಬಿಲ್ಲೆಗಳನ್ನು ಬಾಣಲೆಗೆ ಬಿಡುತ್ತಿದ್ದ. ಅವಳನ್ನು ಕಂಡು ಎರಡು ಹೆಜ್ಜೆ ಹಿಂದೆ ಸರಿದ.

"ನಾನು ನಿಮ್ಮ ಬಾಗಿಲ ಹತ್ರ ಬಂದಿಲ್ಲ. ಇದು ಎಲ್ಲರ ಅಡುಗೆಮನೆ..."

"ಯಾಕೆ ಹೇಳ್ಲಿಲ್ಲ? ಸೋಮವಾರಾನೇ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ನೀವು ಬೇಡ ಅಂತಿದ್ರಿ. ಇಬ್ಬರೂ ಸೇರಿ ಇನ್ನೊಂದು ಸುಳ್ಳು ಹುಡುಕ್ತಿದ್ವಿ. ಮೊದಲು ಅವರ ಹತ್ರ ಒಪ್ಪಿಕೊಂಡು, ಆಮೇಲೆ ನಿಮ್ಮ ಕೈಲಿ ಬೈಸ್ಕೊಳ್ಳೋಣ ಅಂದ್ಕೊಂಡೆ. ನೀವು ಮೊದಲೇ ಬೈದುಬಿಟ್ರಿ."

"ನಿಮ್ಮನ್ನ ವಾಪಸ್ ಕಳಿಸಿದ್ರೆ?"

"ನಿಮ್ಮನ್ನ ಕಳಿಸಿದ್ರೆ ನಾನಿಲ್ಲಿದ್ದು ಏನ್ಮಾಡ್ಲಿ?"

ಅವಳ ಕಣ್ಣಲ್ಲಿ ನೀರು ನಿಂತಿತು.

"ಕೇಳದೇ ನನ್ನ ಹೆಸರಲ್ಲಿ ಇನ್ಮುಂದೆ ಏನೂ ಮಾಡ್ಬೇಡ, ಕೆಲೆಚಿ. ಏನೂ! ನನ್ನ ಜೀವ ಬಾಯಿಗೆ ಬಂದಿತ್ತು. ಮೊದಲು ನನಗಾಗಿ... ಆಮೇಲೆ ನಿನಗಾಗಿ."

"ನನಗಾಗಿ?"

"ಕಿವಿ ಕೇಳಿಸಲ್ವಾ?"

ಕೇಳಿಸುವ ಮಾತೇ ಇರಲಿಲ್ಲ. ಅಷ್ಟರಲ್ಲಿ ಅಲಾರಂ ಹೊಡೆದುಕೊಂಡಿತು. ಬಾಣಲೆ!

ಮತ್ತೆ ಅದೇ ಹುಲ್ಲು, ಅದೇ ಚಳಿ, ಅದೇ ಗೊಣಗುವ ಜನ. ಎಲ್ಲರೂ ಕೆಲೆಚಿಯನ್ನು ನುಂಗುವಂತೆ ನೋಡುತ್ತಿದ್ದರು. ಅವನು ಮಾತ್ರ ಮೊಬೈಲ್ ನೋಡುತ್ತ ಕಲ್ಲಿನಂತೆ ನಿಂತುಬಿಟ್ಟಿದ್ದ.

"ಏನದು?" ಮೊರೆನಿಕೆ ಅವನ ತೋಳು ಎಳೆದಳು.

ಅವನು ಪರದೆ ಅವಳತ್ತ ತಿರುಗಿಸಿದ. ಸಮಿತಿಯ ಇಮೇಲ್. ಲಿಖಿತ ಎಚ್ಚರಿಕೆ. ಓದು ಮುಂದುವರಿಸಬಹುದು.

ಅವಳು ಎರಡು ಸಲ ಓದಿದಳು. ಆಮೇಲೆ ಅವನ ಕೋಟಿನ ತೋಳಿಗೆ ಮುಖ ಒತ್ತಿ ಬಿಕ್ಕಿದಳು. ಮೂರು ದಿನದ ಸಿಟ್ಟು, ಹೆದರಿಕೆ ಎಲ್ಲ ಆ ತೋಳಿನ ಮೇಲೇ ಕರಗಿತು.

"ಆವತ್ತು ಇಲ್ಲೇ ನಿಂತು 'ನಾನ್ಯಾವ ಸಿಸ್ಟರ್' ಅಂದೆಯಲ್ಲ..." ಅವನು ಮೆಲ್ಲಗೆ ಅಂದ. "ಬೈಗುಳದಲ್ಲಿ ನನಗೆ ಇಷ್ಟವಾಗಿದ್ದು ಅದೊಂದೇ ನಿಕೆ. ನಿನ್ನನ್ನ ಪ್ರೀತಿಸ್ತೀನಿ. ಇದನ್ನ ಕೇಳದೇ ಮಾಡಿಬಿಟ್ಟೆ... ಕ್ಷಮಿಸ್ತೀಯಾ?"

"ಇದೊಂದಕ್ಕೆ ಮಾತ್ರ" ಎಂದಳು, ಕಣ್ಣೊರೆಸಿಕೊಳ್ಳುತ್ತ.

ಟ್ರೆವರ್ ಪಟ್ಟಿ ಹಿಡಿದು ಕೂಗುತ್ತಿದ್ದ. "ಹದಿನಾಲ್ಕು, ಕೆಲೆಚಿ ಓಗ್ಬು! ಎಲ್ಲಪ್ಪಾ ನಮ್ಮ ಅಡುಗೆ ಭಟ್ಟ?"

ಕೆಲೆಚಿ ಬಾಯಿ ತೆರೆಯುವ ಮೊದಲೇ ಮೊರೆನಿಕೆ ಅವನ ಕೈ ಹಿಡಿದು ಮೇಲೆತ್ತಿದಳು.

"ಇದ್ದಾನೆ! ನನ್ನ ಜೊತೆ ಇದ್ದಾನೆ!"

"ಒಬ್ಬರ ಹಾಜರಿ ಇನ್ನೊಬ್ಬರು ಹೇಳ್ಬಾರದು," ಕೆಲೆಚಿ ಅವಳ ಕಿವಿಯಲ್ಲಿ ಪಿಸುಗುಟ್ಟಿದ.

"ಬರದೇ ಇದ್ದವರದ್ದು ಹೇಳ್ಬಾರದು ಕಣೋ," ಅಂದಳು ಅವಳು, ಕೈ ಬಿಡದೆ. "ನೀನು ಬಂದಿದ್ದೀಯಲ್ಲ."